ನನ್ನ ಚಹಾ ಒಳಗೆ, ನಾನು ಹೊರಗೆ

ಕಾಲೇಜಿನ ಪ್ರಾಂಶುಪಾಲರಾದ ಮಾನ್ಯರೇ,

ನಿಮ್ಮ ಗ್ರಂಥಾಲಯದೊಳಗೆ ದಿನಕ್ಕೆರಡು ಸಲ ನನ್ನ ಚಹಾ ಹೋಗುತ್ತದೆ. ನನಗೆ ಮಾತ್ರ ಪ್ರವೇಶವಿಲ್ಲ. ‘ಆಹಾರ, ಪಾನೀಯ ನಿಷೇಧಿಸಿದೆ’ ಎಂಬ ಫಲಕದ ಕೆಳಗೇ ಫ್ಲಾಸ್ಕು ನಗುನಗುತ್ತಾ ಒಳಗೆ ಹೋಗುತ್ತದೆ. ಅದನ್ನು ತುಂಬಿದವಳು ಬಾಗಿಲಲ್ಲೇ ನಿಲ್ಲಬೇಕು. ಇದೇ ನನ್ನ ದೂರು.

ನಾನು ನಿಮ್ಮ ಕ್ಯಾಂಟೀನಿನ ಮಮತಾ. ಮಂಡಕ್ಕಿ, ಮಿರ್ಚಿ ಮಾಡುವವಳೆಂದು ನಿಮಗೆ ಗೊತ್ತು. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದುತ್ತಿರುವವಳೆಂದು ಗೊತ್ತಿರಲಿಕ್ಕಿಲ್ಲ. ಮುಂದಿನ ತಿಂಗಳು ಸಮಾಜಶಾಸ್ತ್ರದ ಪರೀಕ್ಷೆ. ಹೋದ ವರ್ಷ ಅದೊಂದೇ ವಿಷಯದಲ್ಲಿ ಫೇಲಾದೆ. ಈ ಸಲವೂ ಹೋದರೆ ‘ಇನ್ನು ಸಾಕು ಬಿಡು’ ಎಂದು ಮನೆಯವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ, ನಾನು ಬಿಟ್ಟೂ ಬಿಡುತ್ತೇನೆ. ನನಗೆ ಅದರದೇ ಹೆದರಿಕೆ. ಬೇಕಾದ ಪುಸ್ತಕ ನಿಮ್ಮ ಗಾಜಿನ ಬೀರುವಿನಲ್ಲಿದೆ. ಸಾಸ್ವೆಹಳ್ಳಿಯಿಂದ ಬರುವ ವಿದ್ಯಾರ್ಥಿನಿ ಚೈತ್ರಾ ತನ್ನ ಕಾರ್ಡಿನ ಮೇಲೆ ತಂದುಕೊಡಲು ಹೋದಳು. ಅದು ‘ಪರಾಮರ್ಶನ’ದ ಪುಸ್ತಕವಂತೆ, ಹೊರಗೆ ಕೊಡುವುದಿಲ್ಲವಂತೆ, ಅಲ್ಲೇ ಕೂತು ಓದಬೇಕಂತೆ. ಸರಿ, ಕೂತೇ ಓದೋಣವೆಂದು ಮಧ್ಯಾಹ್ನ ಒಲೆ ಆರಿಸಿ ನಾನೇ ಹೋದೆ.

ಬಾಗಿಲ ಮೇಲೆ ನೀವು ದೊಡ್ಡಕ್ಷರದಲ್ಲಿ ಬರೆಸಿದ್ದೀರಿ: ‘ಕಾಲೇಜಿನ ಸಮಸ್ತ ಸಮುದಾಯಕ್ಕೆ ಮುಕ್ತ’. ಅದನ್ನು ತೋರಿಸಿ, “ಸರ್, ನಾನೂ ಸಮುದಾಯದವಳೇ” ಎಂದೆ.

ಗ್ರಂಥಾಲಯ ಸಹಾಯಕರಾದ ನಿಂಗರಾಜ್ ಕನ್ನಡಕ ಸರಿಮಾಡಿಕೊಂಡರು. “ಯಾವ ಸಮುದಾಯನಮ್ಮ ನಿಮ್ದು? ಸರ್ಟಿಫಿಕೇಟ್ ಐತೇನು?”

ಅವರದು ತಪ್ಪೆನ್ನಲಾರೆ. ನಮ್ಮ ಕಡೆ ಸಮುದಾಯವೆಂದರೆ ಇನ್ನೇನು? ಸಮುದಾಯ ಭವನ, ಸಮುದಾಯದ ಮುಖಂಡರು, ಸಮುದಾಯದ ಮತ. ಆ ಪದಕ್ಕೆ ಜಾತಿಯಲ್ಲದೆ ಬೇರೆ ಅರ್ಥ ಹೇಳುವವರು ಸಂತೇಬೆನ್ನೂರಿನ ಸಂತೆಯೆಲ್ಲ ಹುಡುಕಿದರೂ ಸಿಕ್ಕಲಾರರು. ಜಾತಿ ಪತ್ರಕ್ಕಾಗಿ ನಾನು ಪರದಾಡಲಿಲ್ಲ. ನಮ್ಮಂಥವರ ಮನೆಯಲ್ಲಿ ಅದು ಸದಾ ಕೈಗೆಟಕುವಂತೆಯೇ ಇರುತ್ತದೆ. ಅದನ್ನು ಕೇಳದ ಬಾಗಿಲು ಅಪರೂಪ. ಗ್ರಂಥಾಲಯದ ಬಾಗಿಲೂ ಕೇಳಿತಲ್ಲ ಎಂದು ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೂ ಮರುದಿನ ಒಯ್ದೆ.

ನಿಂಗರಾಜ್ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಎಲ್ಲಾ ಸರಿ ಐತೆ ಕಣಮ್ಮ. ಆದ್ರೆ ಇದ್ರಾಗೆ ಕಾಲೇಜಿನ ಸಮುದಾಯ ಅಂತ ಎಲ್ಲೂ ಬರ್ದಿಲ್ವಲ್ಲ?”

“ಹಂಗಂತ ಯಾವ ತಹಸೀಲ್ದಾರ್ರು ಬರ್ಕೊಡ್ತಾರ್ರೀ ಸರ್?”

“ಅದನ್ನ ಪ್ರಿನ್ಸಿಪಾಲರನ್ನ ಕೇಳ್ರಿ. ನಂಗೆ ಹೆಂಗೆ ಹೇಳಾಕಾಗ್ತೈತೆ? ಟೀ ಒಂಚೂರು ಬೇಗ ಕಳ್ಸ್ರಿ.”

ಅದಕ್ಕೇ ಈ ಬಹಿರಂಗ ಪತ್ರದಲ್ಲಿ ಕೇಳುತ್ತಿದ್ದೇನೆ, ಎಲ್ಲರೆದುರಿಗೆ. ಮಾನ್ಯರೇ, ತಪಾಸಣಾ ಸಮಿತಿ ಬಂದ ದಿನ ನಿಮ್ಮ ಭಾಷಣವನ್ನು ವಡೆ ಹಂಚುತ್ತಾ ನಾನೂ ಕೇಳಿದೆ. ಓದುವ ಕೊಠಡಿ, ದಿನಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆ, ಇಂಟರ್‌ನೆಟ್ಟು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎಲ್ಲವೂ ವಿದ್ಯಾರ್ಥಿಯಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರದೂ ಎಂದಿರಿ. ಸಮಿತಿಯವರು ತಲೆದೂಗಿದರು. ಕಾವಲುಗಾರ ಸಣ್ಣತಿಮ್ಮಪ್ಪನೂ ತಲೆದೂಗಿದ. ಪಾಪ, ಅವನು ಗ್ರಂಥಾಲಯದ ಬೀಗ ಎಳೆದು ನೋಡಿದ್ದಾನೆಯೇ ಹೊರತು ಒಳಗೆ ಕಾಲಿಟ್ಟವನಲ್ಲ. ಸಂಜೆ ನ್ಯಾಮತಿ ಬಸ್ಸು ಹತ್ತಿ ಮಕ್ಕಳು ಊರಿಗೆ ಹೊರಟ ಮೇಲೆ ಅಲ್ಲಿ ಫ್ಯಾನು ಯಾರಿಗೆ ಗಾಳಿ ಬೀಸುತ್ತದೆ? ಖಾಲಿ ಕುರ್ಚಿಗಳಿಗೂ ಸೆಖೆಯೇ?

ನನ್ನ ಬೇಡಿಕೆ ಸಣ್ಣದು. ಮೂಲೆಯಲ್ಲೊಂದು ಕುರ್ಚಿ ಕೊಡಿಸಿ, ಇಲ್ಲವೇ ಬಾಗಿಲ ಮೇಲಿನ ಆ ಪದ ಅಳಿಸಿ. ತಡಮಾಡಬೇಡಿ. ಹೋದ ವರ್ಷ ನಾನು ಉತ್ತರ ಬರೆಯದೆ ಬಿಟ್ಟುಬಂದ ಪ್ರಶ್ನೆ ಯಾವುದು ಗೊತ್ತೇ? ‘ಸಮುದಾಯ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ.’ ಪುಸ್ತಕ ಸಿಕ್ಕರೆ ಪುಸ್ತಕದಲ್ಲಿದ್ದಂತೆ ಬರೆಯುತ್ತೇನೆ. ಸಿಗದಿದ್ದರೂ ಈ ಸಲ ಖಾಲಿಯಂತೂ ಬಿಡುವುದಿಲ್ಲ. ಉದಾಹರಣೆ ನಿಮ್ಮ ಬಾಗಿಲಲ್ಲೇ ಸಿಕ್ಕಿದೆ.

ಇಂತಿ,
ನಿಮ್ಮ ಚಹಾಕ್ಕೆ ಸಕ್ಕರೆ ಹಾಕಬಾರದೆಂದು ತಪ್ಪದೆ ನೆನಪಿಡುವ,
ತಾನು ಯಾವ ಸಮುದಾಯದವಳೆಂದು ಕಾಲೇಜಿನಿಂದ ಇನ್ನೂ ತಿಳಿಯಬೇಕಾಗಿರುವ
ಕ್ಯಾಂಟೀನ್ ಮಮತಾ