ಏಳನೇ ಕಿಟಕಿ

ಡುಲೂತ್, ಮಿನೆಸೋಟ
೬ ಡಿಸೆಂಬರ್ ೨೦೦೮

ಪ್ರೀತಿಯ ಲೆಂಪಿ ಅಕ್ಕ,

ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ಉತ್ತರ ತಡವಾಯಿತು, ಬೈಯಬೇಡ. ಶರತ್ಕಾಲವಿಡೀ ಇಲ್ಲಿ ಸುತ್ತಿಗೆಯ ಸದ್ದು. ಕೊನೆಗೂ ಕಿಟಕಿಗಳನ್ನು ಬದಲಾಯಿಸಿ, ಗೋಡೆಗಳಿಗೆ ಹೊಸ ಹೊರಹೊದಿಕೆ ಹಾಕಿಸಿದೆವು.

ಹೋದ ಚಳಿಗಾಲ ರೈನೊಗೆ ಎರಡು ಸಲ ನ್ಯುಮೋನಿಯಾ ಆಯಿತಲ್ಲ. "ಮನೆ ಬೆಚ್ಚಗಾಗ್ಬೇಕು, ಇಲ್ಲಾಂದ್ರೆ ನಿಮ್ಮ ಯಜಮಾನರನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ಬೇಕಾಗತ್ತೆ" ಎಂದುಬಿಟ್ಟರು ಡಾಕ್ಟರು. ಮರೆವಿನ ಕಾಯಿಲೆಯವನನ್ನು ಗೊತ್ತಿಲ್ಲದವರ ನಡುವೆ ಹೇಗೆ ಬಿಡಲಿ? ಜನರನ್ನೆಲ್ಲ ಮರೆತರೂ ಈ ಮನೆಯೊಂದನ್ನು ಅವನು ಮರೆತಿರಲಿಲ್ಲ.

ಹಳೆಯ ಹಲಗೆ ಕಿತ್ತಾಗ ಗೋಡೆಯೊಳಗೆ ಏನಿತ್ತು ಗೊತ್ತೇ? ಮುದುಡಿದ ಸುದ್ದಿಪತ್ರಿಕೆಗಳು, ಒಂದಿಷ್ಟು ಮರದ ಹೊಟ್ಟು. ಈ ಮನೆಗಳನ್ನು ಕಟ್ಟಿಸಿದ ಮಿಲ್ಲಿನ ಯಜಮಾನರು ಮ್ಯಾನೇಜರನ ಮನೆಗೆ ಎರಡೆರಡು ಗೋಡೆ ಎಬ್ಬಿಸಿ, ನಮ್ಮ ಕಾರ್ಮಿಕರ ಬೀದಿಯ ಗೋಡೆಗಳಿಗೆ ರದ್ದಿ ತುರುಕಿದ್ದರು. ಮನೆ ಬಿಸಿ ಮಾಡುವ ಎಣ್ಣೆ ಸಿಗದ ವರ್ಷ ಸರ್ಕಾರ ನಮಗೇ ಸ್ವೆಟರ್ ಹಾಕಿಕೊಳ್ಳಿರೆಂದು ಬುದ್ಧಿ ಹೇಳಿತ್ತು, ನೆನಪಿದೆಯೇ? ನಾನು ಮರೆತಿಲ್ಲ. ಬಿಲ್ಲು ಕಳಿಸಿದವರಲ್ಲಿ ಒಬ್ಬರೂ ಈ ಗೋಡೆಯೊಳಗೆ ಇಣುಕಲಿಲ್ಲ.

ಮೇಸ್ತ್ರಿ ಡ್ವೇನ್ ನಗುತ್ತ, "ಅಜ್ಜೀ, ಇಷ್ಟು ವರ್ಷ ನೀವು ಮನೇನಲ್ಲ, ಎದುರಿನ ಸರೋವರಾನ ಬಿಸಿ ಮಾಡ್ತಿದ್ರಿ" ಎಂದ.

"ಆದ್ರೂ ಅದು ಬಿಸಿಯಾಗ್ಲಿಲ್ವಲ್ಲೋ" ಎಂದೆ. ರೈನೊನೂ ನಕ್ಕ. ಅವನು ನಕ್ಕಿದ್ದು ಅದೇ ಕೊನೆ.

ಪ್ರತಿ ಅಕ್ಟೋಬರಿನಲ್ಲಿ ಅವನು ನೆಲಮಾಳಿಗೆಯಿಂದ ಚಳಿಗಾಲದ ಹೊರಗಾಜುಗಳನ್ನು ಹೊತ್ತು ತಂದು, ಚೌಕಟ್ಟಿನ ಹಿತ್ತಾಳೆ ನಂಬರು ನೋಡಿ ಒಂದೊಂದು ಕಿಟಕಿಗೆ ಕೂರಿಸುತ್ತಿದ್ದನಲ್ಲ, ಅವನ್ನೆಲ್ಲ ಡ್ವೇನ್ ಲಾರಿಗೆ ಹೇರಿಕೊಂಡು ಹೋದ. ಹೊಸ ಕಿಟಕಿಗೆ ಅವು ಬೇಡವಂತೆ. ಈಗ ರೈನೊ ದಿನಾ ಕೆಳಗಿಳಿದು ಹುಡುಕುತ್ತಾನೆ. "ಏಳನೇದು ಎಲ್ಲಿಟ್ಟೆ? ಹಿಮ ಬಂದೇಬಿಡ್ತು" ಎನ್ನುತ್ತಾನೆ.

ಹೊಸ ಬಿಲ್ಲು ಹೋದ ವರ್ಷದ ಅರ್ಧವೂ ಇಲ್ಲ. ಕಿಟಕಿಯ ಪಕ್ಕ ಮೇಣದಬತ್ತಿ ಹಿಡಿದರೆ ಉರಿ ಅಲುಗುವುದಿಲ್ಲ. ಮೊದಲು ಏಳನೇ ಕಿಟಕಿ ಸಿಳ್ಳೆ ಹಾಕಿದರೆ ಸಾಕು, ಗಾಳಿ ಸರೋವರದ ಕಡೆಯದೆಂದು ರೈನೊ ಮಲಗಿದಲ್ಲಿಂದಲೇ ಹೇಳುತ್ತಿದ್ದ. ಈಗ ಹೊರಗೆ ಬಿರುಗಾಳಿ ಎದ್ದರೂ ಒಳಗೆ ಸದ್ದಿಲ್ಲ.

ಏಲಕ್ಕಿ ಬ್ರೆಡ್ಡು ಕಳಿಸಿದ್ದೇನೆ. ಭಾವನ ಮಂಡಿನೋವು ಬೇಗ ಇಳಿಯಲಿ. ದೇವರು ನಿಮ್ಮಿಬ್ಬರನ್ನೂ ಒಂದೇ ಒಲೆಯ ಮುಂದೆ ಬಹುಕಾಲ ಕೂರಿಸಿರಲಿ.

ನಿನ್ನ ತಂಗಿ,
ಸೈಮಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಸಂಜೆಯಾದರೆ ಅವನು ಮನೆಗೆ ಹೋಗಬೇಕೆಂದು ಕೋಟು ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾನೆ. ಮೊದಲೆಲ್ಲ ಬೀದಿ ಸುತ್ತಿಸಿಕೊಂಡು ಬಂದರೆ, ನಮ್ಮ ಮೆಟ್ಟಿಲು ಕಂಡ ಕೂಡಲೇ ಸಮಾಧಾನಗೊಳ್ಳುತ್ತಿದ್ದ. ನಿನ್ನೆ ಹೊಸ ಬೂದು ಗೋಡೆ ನೋಡಿ ಗೇಟಿನಲ್ಲೇ ನಿಂತುಬಿಟ್ಟ. ಟೊಪ್ಪಿ ತೆಗೆದು ನನಗೆ ಹೇಳಿದ: "ನಿಮ್ಮನೆ ತುಂಬ ಬೆಚ್ಚಗಿತ್ತಮ್ಮ, ಉಪಕಾರ ಆಯ್ತು. ನಾನಿನ್ನು ಹೊರಡ್ತೀನಿ. ಹೊರಗಾಜು ಹಾಕಿಲ್ಲ, ಸೈಮಿ ಒಬ್ಬಳೇ ಚಳೀಲಿರ್ತಾಳೆ."