ಮುದಿ ತೊಲೆಯ ಮೇಲೆ ಇಂಜಿನ್

ನೆರೂಳ, ನವೆಂಬರ್ 21, ಶುಕ್ರವಾರ

ವರದಿಯಲ್ಲಿ ನನ್ನ ಹೆಸರನ್ನು ಬಿಟ್ಟೇಬಿಡುವವಳಿದ್ದೆ. ‘ನಮ್ಮ ತಂಡ’ ಎಂದಷ್ಟೇ ಬರೆದರೆ ಸಾಕಲ್ಲ ಅನ್ನಿಸಿತ್ತು.

ಕಲ್ಯಾಣದ ಕಾರ್ಖಾನೆಯ ರೈಲು ಸೇತುವೆಯ ಹಳೆಯ ಮರದ ತೊಲೆಗಳನ್ನು ಕಿತ್ತೆಸೆಯುವುದೆಂದು ಎಲ್ಲರೂ ಒಪ್ಪಿದ್ದರು. ಕೊರೆದು ನೋಡಿದವಳು ನಾನು. ಬೋಲ್ಟುಗಳ ಸುತ್ತ ಮಾತ್ರ ಕೊಳೆತಿತ್ತು, ಒಳಮರ ಗಟ್ಟಿಯಿತ್ತು. ಕೊಳೆತದ್ದನ್ನು ಕೆತ್ತಿಸಿ, ಎಪಾಕ್ಸಿ ಅಂಟು ತುಂಬಿಸಿ, ಫೈಬರ್ ಪಟ್ಟಿ ಸುತ್ತಿಸಿದೆ. “ಮುದಿ ಮರಕ್ಕೆ ಬ್ಯಾಂಡೇಜ್ ಕಟ್ಟಿದ್ರೆ ಪ್ರಾಯ ಬರ್ತದಾ ಮೇಡಂ?” ಎಂದು ಸಹೋದ್ಯೋಗಿ ಜಯೇಶ್ ನಗುತ್ತಿದ್ದ. ಒಳಗೊಳಗೇ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಇವತ್ತು ತುಂಬಿದ ವ್ಯಾಗನ್ನುಗಳನ್ನು ಎಳೆದುಕೊಂಡು ಇಂಜಿನ್ ದಾಟಿತು. ಸೇತುವೆಯ ಕೆಳಗೆ, ತೊಲೆಯ ಬಾಗು ಅಳೆಯುವ ಮಾಪಕ ನೋಡುತ್ತಿದ್ದ ಮೇಸ್ತ್ರಿ ಮಾಪಣ್ಣ ಕೂಗಿದ: “ಮುಳ್ಳು ತಿರುಗಿ ಸೊನ್ನೀಗಿ ಬಂತ್ರೀ ಮೇಡಂ!” ಭಾರಕ್ಕೆ ಬಾಗಿದ ತೊಲೆ ಪೂರ್ತಿ ನೆಟ್ಟಗಾಗಿತ್ತು.

“ನನ್ನ ಮೊಣಕಾಲಿಗೂ ಒಂದು ಪಟ್ಟಿ ಸುತ್ತಿಸಿ,” ಎಂದ ಜಯೇಶ್.

ವರದಿಯಲ್ಲಿ ನನ್ನ ಹೆಸರು ಬರೆದೆ. ಪೂರ್ತಿ ಹೆಸರು. ಅಂಚೆಗೆ ಹಾಕುವುದು ನವೆಂಬರ್ 24, ಸೋಮವಾರ.