ನನ್ನ ಪಾಲಿನ ಪಾವು

ಕಡೂರು
೨೦-೧೧-೧೯೮೩, ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗ ಓಂಕಾರಮೂರ್ತಿಯ ಶರಣು. ತಲೆಸುತ್ತು ಹೇಗಿದೆ? ಹೆಬ್ಬೆರಳಿನ ಗಾಯ ಒಣಗಿತೇ? ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದೀಯೋ, ಅಥವಾ ಇಲ್ಲಿ ಮಾಡುತ್ತಿದ್ದ ಹಾಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು "ಆಯ್ತು ಕಣೋ, ತಗಂಡೆ" ಎನ್ನುತ್ತಿದ್ದೀಯೋ? ತಂಗೀ ಗುರುಶಾಂತ, ಈ ಕಾಗದವನ್ನು ಅವ್ವನಿಗೆ ಓದಿ ಹೇಳುವವಳು ನೀನೇ ಆದ್ದರಿಂದ ನಿನಗೂ ಒಂದು ಮಾತು. ನಡುವೆ ಒಮ್ಮೆ ಎದ್ದು ಆ ಗಂಟು ಬಿಚ್ಚಿ ನೋಡು. ಮತ್ತೆ, ಬರೆದದ್ದನ್ನು ಬರೆದ ಹಾಗೆಯೇ ಓದು. ಹೋದ ಸಲ ನಾನು "ಸುಸ್ತು" ಎಂದು ಬರೆದದ್ದನ್ನು ನೀನು "ಸ್ವಸ್ಥ" ಎಂದು ಓದಿದೆಯಂತೆ. ಅಣ್ಣನ ಆರೋಗ್ಯ ಸುಧಾರಿಸಲು ಇದಕ್ಕಿಂತ ಸುಲಭದ ಚಿಕಿತ್ಸೆ ತರೀಕೆರೆಯಲ್ಲಿ ಇಲ್ಲ.

ಈಗಲೂ ಸುಸ್ತೇ ಅವ್ವ. ಕಾಯಿಲೆಯ ಸುಸ್ತಲ್ಲ, ಸಣ್ಣಗಾಗುವ ಸುಸ್ತು. ದಪ್ಪಗಾಗುವಾಗ ಒಂದು ದಿನವೂ ಆಯಾಸವಾಗಿರಲಿಲ್ಲ. ಅದು ಸರ್ಕಾರಿ ಬಡ್ತಿಯ ಹಾಗೆ, ಕೆಲಸ ಮಾಡಿದರೂ ಬಿಟ್ಟರೂ ವರ್ಷ ವರ್ಷ ತಾನಾಗಿ ಬಂತು. ಇಳಿಯುವುದಕ್ಕೆ ಮಾತ್ರ ಪ್ರತಿ ಹೊತ್ತೂ ಅರ್ಜಿ ಹಾಕಬೇಕು. ಪಕ್ಕದಲ್ಲಿ ಕೂತು ಕೇಳುತ್ತಿರುವ ಭಾವ ದೇವೀರಪ್ಪನವರಿಗೆ ಇಲ್ಲಿಯ ಕಥೆ ಅರ್ಧಂಬರ್ಧ ಗೊತ್ತು. ಅವರಿಗಾಗಿ ಮೊದಲಿಂದ ಹೇಳುತ್ತೇನೆ. ನೀನೂ ಕೇಳು, ನಿನಗೆ ಗೊತ್ತಿರುವುದು ಉಳಿದ ಅರ್ಧ.

ಜೂನ್ ತಿಂಗಳಲ್ಲಿ ತರೀಕೆರೆಯ ಡಾಕ್ಟರ್ ಷಣ್ಮುಖಪ್ಪ ನನ್ನ ಕಿಬ್ಬೊಟ್ಟೆಯ ಗಂಟನ್ನು ಒತ್ತಿ ನೋಡಿ ಹರ್ನಿಯಾ ಎಂದರು. ಹರನ ಹೆಸರು ಹೊತ್ತೇ ಬಂದಿದೆ, ನಮ್ಮ ಮನೆತನಕ್ಕೆ ಒಪ್ಪುವ ಕಾಯಿಲೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಕರುಳು ಅಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ, ಆಪರೇಷನ್ ಆಗಲೇಬೇಕು, ಆದರೆ "ಇಷ್ಟು ಕೊಬ್ಬಿಟ್ಕೊಂಡು ಬಂದ್ರೆ ಹೊಲಿಗೆ ನಿಲ್ಲಲ್ಲ ಮೇಷ್ಟ್ರೇ, ನಿಮ್ಮ ಉಬ್ಬಸಕ್ಕೆ ಮತ್ತಿನ ಮದ್ದು ಕೊಡೋಕೂ ನಂಗೆ ಧೈರ್ಯ ಇಲ್ಲ. ಎಂಬತ್ತೈದು ಕೆ.ಜಿ. ಒಳಗೆ ಬಂದ್ಮೇಲೆ ಬನ್ನಿ" ಎಂದರು. ಆಗ ನಾನು ತೊಂಬತ್ತೆಂಟು. ಓಡಬೇಡಿ, ಬಗ್ಗಬೇಡಿ, ಭಾರ ಎತ್ತಬೇಡಿ, ಏದುಸಿರು ಬರುವಷ್ಟು ನಡೆಯಬೇಡಿ, ಆದರೆ ವ್ಯಾಯಾಮ ಮಾಡಿ. ಅದರ ಮೇಲೆ ಸಖರಾಯಪಟ್ಟಣದ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಬಲ ಮಂಡಿ ಬೇರೆ. ಮಾಡಬಾರದ್ದನ್ನೆಲ್ಲ ಕಳೆದ ಮೇಲೆ ನನಗೆ ಉಳಿದದ್ದು ಸಮನೆಲದ ಮೇಲೆ, ಧಾರೆಗೆ ಬರುವ ಮದುವೆ ಹೆಣ್ಣಿನ ಹಾಗೆ, ತಲೆ ತಗ್ಗಿಸಿ ಮೆಲ್ಲಗೆ ಹೆಜ್ಜೆ ಇಡುವುದು.

ಈ ಊರಿನಲ್ಲಿ ಏರಿಳಿತವಿಲ್ಲದ, ಮಂಡಿ ನೊಂದಾಗ ಕೂರಲು ಬೆಂಚಿರುವ ಜಾಗ ರೈಲ್ವೆ ಸ್ಟೇಷನ್ ಒಂದೇ. ದಿನಾ ಬೆಳಗ್ಗೆ ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಹೋಗುತ್ತೇನೆ, ಬೆಂಚಿನ ಮೇಲೆ ಕೂತು ಉಸಿರು ಹಿಡಿದುಕೊಳ್ಳುತ್ತೇನೆ, ಮತ್ತೆ ಬರುತ್ತೇನೆ. ಗೂಡ್ಸ್ ಗಾಡಿಗಳು ನನ್ನನ್ನು ನೋಡಿ ಸಮಾಧಾನ ಪಟ್ಟುಕೊಳ್ಳುತ್ತವೆ. ಹೂ ಮಾರುವ ಲಿಂಗಮ್ಮ ಒಂದು ದಿನ ತಡೆಯಲಾರದೆ, "ಅಲ್ಲಾ ಸ್ವಾಮಿ, ಮೂರ್ ತಿಂಗ್ಳಿಂದ ನೋಡ್ತಿದೀನಿ, ಯಾರ್ ಬತ್ತಾರೆ ಅಂತ ಕಾಯ್ತಿದೀರಿ?" ಎಂದಳು. ಹೋಗುವವರನ್ನು ಕಾಯುತ್ತಿದ್ದೇನೆ ಎಂದೆ. "ಯಾರು ಹೋಗೋರು?" "ನಾನೇ, ಸ್ವಲ್ಪ ಸ್ವಲ್ಪವಾಗಿ." ಅವಳಿಗೆ ಅರ್ಥವಾಗಲಿಲ್ಲ. ಆದರೂ ಪಾಪ ಎನಿಸಿ ಒಂದು ಸೇವಂತಿಗೆ ಕೊಟ್ಟಳು.

ಊಟದ ವಿಚಾರ ನಿನಗೆ ಗೊತ್ತೇ ಇದೆ. ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಸೊಪ್ಪು, ರಾತ್ರಿ ಮಜ್ಜಿಗೆ ಮತ್ತು ಪಶ್ಚಾತ್ತಾಪ. ತುಪ್ಪ ಇಲ್ಲ, ಬೆಲ್ಲ ಇಲ್ಲ, ಕೊನೆಗೆ ಕಾಯಿಯೂ ಇಲ್ಲ. ಕಡೂರು ಸೀಮೆಯಲ್ಲಿ ಹುಟ್ಟಿದವನಿಗೆ ತೆಂಗಿನಕಾಯಿ ತಿನ್ನಬೇಡ ಎನ್ನುವುದು! ನಮ್ಮ ತೋಟದ ಮರಗಳು ಕಾಯಿ ಬಿಡುತ್ತವೆ, ನಾನೂ ಕಾಯಿ ಬಿಟ್ಟೆ. ಅವುಗಳ ಹಾಗೆ ತಲೆ ಎತ್ತಿ ನಿಲ್ಲಲು ಮಾತ್ರ ಆಗುತ್ತಿಲ್ಲ. ಕಾಲೇಜಿನ ಹುಡುಗರು ಬೆನ್ನ ಹಿಂದೆ ನನ್ನನ್ನು ಆಕಾರಮೂರ್ತಿ ಎನ್ನುತ್ತಿದ್ದರು. ಹೀಗೇ ಕರಗಿದರೆ ನಿರಾಕಾರಮೂರ್ತಿಯಾಗಿ ಅಟೆಂಡೆನ್ಸ್ ತೆಗೆದುಕೊಳ್ಳಬೇಕಾಗುತ್ತದೆ.

ಇಷ್ಟೂ ಸುಲಭ. ಕಷ್ಟವಾದದ್ದು ನಿನ್ನ ಸೌಟು. ಹಳ್ಳಿಯ ಮನೆಯಿಂದ ನೀನು ತಂದ ಶಿಸ್ತು ಅದು: ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ. ಕೊನೆಗೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದು ಏಳಬೇಕು. ಅಪ್ಪ ಜ್ವರದಲ್ಲಿಯೂ ಹಾಗೇ ಮಾಡುತ್ತಿದ್ದರು. ನಾನೂ ಮಾಡುತ್ತೇನೆ, ನನ್ನ ಮಗಳು ಮಲ್ಲಿಕಾಂಬಳೂ ಮಾಡುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ಪಥ್ಯ ಮಾಡುವವನು ಗೆಲ್ಲಬೇಕಾದರೆ ಸೌಟು ಬಗ್ಗುವುದಕ್ಕೆ ಮೊದಲೇ ಗೆಲ್ಲಬೇಕು, ಬಗ್ಗಿತೋ, ಸೋತಂತೆ. ನಿನ್ನ ಸೌಟಿಗೆ "ಸಾಕು" ಎನ್ನುವ ಶಬ್ದ ಕೇಳಿಸುವುದೇ ಇಲ್ಲ. ಸಣ್ಣ ತಟ್ಟೆ ತಂದೆ. ನೀನು ಅಗಲ ಬಿಟ್ಟು ಎತ್ತರಕ್ಕೆ ಕಟ್ಟಿದೆ. ಮಾತು ಬದಲಿಸಿ ನೋಡಿದೆ. ನೀನು ಮಾತಾಡುತ್ತಲೇ ಬಡಿಸಿದೆ. "ಕರಗಿಸ್ಬೇಕಂತೆ ಕರಗಿಸ್ಬೇಕು! ನಾನ್ ಸಾಕಿದ್ ಮೈ ಅದು. ಡಾಕ್ಟ್ರೇನು ಒಂದ್ ತುತ್ ಹಾಕಿದ್ನಾ?" ಎಂದು ಷಣ್ಮುಖಪ್ಪನವರನ್ನು ತರೀಕೆರೆಗೆ ಕೇಳಿಸುವ ಹಾಗೆ ಬೈದೆ. ಶ್ರಾವಣದಲ್ಲಿ ಒಂದು ದಿನ ನಾನು ಎರಡೂ ಅಂಗೈಯನ್ನು ತಟ್ಟೆಯ ಮೇಲೆ ಕವುಚಿ ಇಟ್ಟುಬಿಟ್ಟೆ. ಸೌಟು ಕೈಯ ಮೇಲೇ ನಿಂತಿತು. ನೀನು ಅನ್ನವನ್ನು ಮತ್ತೆ ಪಾತ್ರೆಗೆ ಹಾಕಿಕೊಂಡು ಒಳಗೆ ಹೋದೆ.

ಮಾರನೆಯ ದಿನದಿಂದ ನೀನು ನಾನು ಹೇಳಿದಷ್ಟೇ ಬಡಿಸಿದೆ. ನಾನು ಗೆದ್ದೆ ಅಂದುಕೊಂಡೆ. ತಿಂಗಳಿಗೊಮ್ಮೆ ಕೊಬ್ಬರಿ ಮಂಡಿಗೆ ಹೋಗಿ ತಕ್ಕಡಿ ಹತ್ತುತ್ತಿದ್ದೆ. ತೂಕ ಹಿಡಿಯುವ ದೊಡ್ಡಬೀರಪ್ಪ, "ಚೀಲದ್ ತೂಕ ಕಳೀಲಾ ಸ್ವಾಮಿ?" ಎಂದು ನನ್ನ ಪಂಚೆಯನ್ನು ನೋಡುತ್ತಿದ್ದ. ಮಂಡಿಯವರೆಲ್ಲ ನಗುತ್ತಿದ್ದರು, ಮುಳ್ಳು ಇಳಿಯುತ್ತಿತ್ತು. ಆ ಖುಷಿಯಲ್ಲಿ ನಾನು ನನ್ನ ಹೊಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ದೀಪಾವಳಿಗೆ ಎರಡು ದಿನ ಇರುವಾಗ ನೀನು ಒಲೆಯ ಮುಂದೆ ಬಿದ್ದೆ. ಸಕ್ಕರೆ ಏರಿ ಹೋಗಿತ್ತು. ಇಲ್ಲಿಯ ಡಾಕ್ಟರು, "ಏನಮ್ಮಾ, ಇಷ್ಟು ದಿನ ಹತೋಟೀಲಿತ್ತು, ಅಂಥಾದ್ದೇನು ತಿಂದ್ರಿ?" ಎಂದರೆ ನೀನು, "ಏನಿಲ್ಲ ಕಣಪ್ಪಾ, ಮಿಕ್ಕಿದ್ದು" ಎಂದೆ. ಡಾಕ್ಟರು ನಕ್ಕರು. ನಾನೂ ನಕ್ಕೆ.

ಗುರುಶಾಂತ ಬಂದು, "ಇಲ್ಲಿದ್ರೆ ನೀನು ಒಲೆ ಬಿಡಲ್ಲ" ಎಂದು ನಿನ್ನನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋದ ಮಾರನೆಯ ದಿನ ವಿಶಾಲಾಕ್ಷಿ ಒಬ್ಬಳೇ ಅಡಿಗೆ ಮಾಡಿದಳು. ನೀನು ಕಲಿಸಿದ ಹಾಗೆಯೇ ಪಾವು ಹಿಡಿದು ಅಳೆದಳು. ಊರಿಗೆ ಹೋದವಳೆಂದು ನಿನ್ನ ಪಾವನ್ನು ಬಿಟ್ಟೇ ಅಳೆದಳು. ನಾವೆಲ್ಲ ಉಂಡ ಮೇಲೂ ಪಾತ್ರೆಯಲ್ಲಿ ಒಬ್ಬ ಆಳು ಉಣ್ಣುವಷ್ಟು ಅನ್ನ ಹಾಗೇ ಕೂತಿತ್ತು. ನಿನ್ನ ಸೊಸೆಯ ಕಣ್ಣು ಹೆಸರಿಗೆ ತಕ್ಕ ಹಾಗೆ ವಿಶಾಲ. ಆ ದಿನ ಇನ್ನೂ ಅಗಲವಾಯಿತು. "ರೀ, ಇಷ್ಟ್ ದಿನ ಇದನ್ನ ಯಾರ್ ತಿಂತಿದ್ರು?" ಎಂದಳು. ಇಬ್ಬರೂ ಪಾತ್ರೆಯ ಮುಂದೆ ನಿಂತೆವು. ನೀನು ಎಲ್ಲರಿಗೂ ಬಡಿಸಿ ಕೊನೆಗೆ ಒಳಗೆ ಒಬ್ಬಳೇ ಕೂರುವವಳು. ಎಡೆ ತೋರಿಸಿದ ಅನ್ನ, ಚೆಲ್ಲುವಂತಿಲ್ಲ. ನೆರೆಯವರಿಗೆ ದಿನಾ ಕೊಟ್ಟರೆ ಕಾಶಮ್ಮನ ಮಗ ಉಣ್ಣುತ್ತಿಲ್ಲ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ನಾನು ಇಳಿಸಿದ್ದನ್ನೆಲ್ಲ ನೀನು ಹೊತ್ತುಕೊಂಡಿದ್ದೆ.

ಕಡಿಮೆ ಅಳೆದಿದ್ದರೆ ಮುಗಿಯುತ್ತಿತ್ತಲ್ಲ ಎಂದು ವಿಶಾಲಾಕ್ಷಿ ಅಂದಾಗ ನನಗೆ ನೀನು ಅಳೆಯುವ ದನಿ ನೆನಪಾಯಿತು. ಚಿಕ್ಕಂದಿನಲ್ಲಿ ಆ ದನಿಗೇ ನಾನು ಏಳುತ್ತಿದ್ದದ್ದು. ಒಂದೊಂದು ಪಾವಿಗೂ ನೀನು ಈಗಲೂ ಹೆಸರು ಹೇಳುತ್ತೀಯ: "ಇದು ಓಂಕಾರಂದು, ಇದು ವಿಶಾಲಾಕ್ಷೀದು, ಇದು ಮಲ್ಲಿಕಾಂಬಂದು." ಊರಿಗೆ ಹೋದವರ ಪಾವು ಬಿಡಬಹುದು. ಮನೆಯಲ್ಲಿ ಇರುವವರ ಪಾವನ್ನು ಬಿಡಬಾರದು, ತುಂಬಿದ ಪಾವಿನ ತಲೆ ತಟ್ಟಿ ಅಕ್ಕಿ ಇಳಿಸಲೂಬಾರದು. ಅಪ್ಪ ಹೋದ ಮೇಲೆ ಮೊದಲ ಸಲ ಒಲೆ ಹಚ್ಚಿದ ದಿನ ನೀನು ಅಕ್ಕಿ ತುಂಬಿದ ಪಾವನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ, ಆಮೇಲೆ ಮತ್ತೆ ಡಬ್ಬಕ್ಕೇ ಸುರಿದೆ. ಆ ಸದ್ದು ನನಗೂ ನೆನಪಿದೆ ಅವ್ವ. ಬದುಕಿರುವ ಮಗನ ಪಾವನ್ನು ಹಾಗೆ ಸುರಿ ಎಂದರೆ ನಿನ್ನ ಕೈಗೆ ಬರುತ್ತದೆಯೇ? ಅದಕ್ಕೇ, "ಕಮ್ಮಿ ಅಳೆಯೋ ಮನೆಗೆ ನಾನು ಬರಲ್ಲ" ಎಂದು ನೀನು ಹಟ ಹಿಡಿದಿದ್ದೀ ಎಂದು ಗುರುಶಾಂತ ಬರೆದಾಗ ನನಗೆ ಸಿಟ್ಟು ಬರಲಿಲ್ಲ.

ಈಗ ಇಲ್ಲಿಯ ಸುದ್ದಿ ಕೇಳು. ಅಳತೆ ಇಳಿದಿಲ್ಲ. ನನ್ನ ಪಾವು ಪೂರ್ತಿ ಬೀಳುತ್ತಿದೆ. ನಾನು ಅದರಲ್ಲಿ ಎರಡು ಹಿಡಿ ಉಣ್ಣುತ್ತೇನೆ, ಉಳಿದದ್ದನ್ನು ದೊಡ್ಡಬೀರಪ್ಪ ಉಣ್ಣುತ್ತಾನೆ. ಇದು ವಿಶಾಲಾಕ್ಷಿಯ ತೀರ್ಮಾನ. ಮೊದಲ ದಿನ ಅವನು, "ನಾನ್ ಇಲ್ಲೇ ಜಗಲೀಲಿ ಕುಂತ್ಕತೀನಿ ಕಣವ್ವಾ" ಎಂದು ಒದ್ದಾಡಿದ. "ಎದ್ದು ಒಳಗ್ ಬಾರಪ್ಪಾ, ಅನ್ನ ಆರ್ತದೆ" ಎಂದಳು. ನಡುಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು, ನಾನು ಮಾಡಿದ್ದನ್ನು ನೋಡಿಕೊಂಡು ತಾನೂ ತಟ್ಟೆ ತೊಳೆದು ಕುಡಿದ. ಅವನು ದಿನವೆಲ್ಲ ಮೂಟೆ ಹೊರುವವನು, ಎಷ್ಟು ಉಂಡರೂ ಮೈಯಲ್ಲಿ ನಿಲ್ಲುವುದಿಲ್ಲ. ಮೊನ್ನೆ ತಕ್ಕಡಿಯ ಹತ್ತಿರ, "ಸ್ವಾಮಿ, ನೀವ್ ಇಳ್ದಂಗೆಲ್ಲ ನಾನ್ ಏರ್ತಿದೀನಿ. ಇಬ್ರೂ ಒಟ್ಗೆ ಹತ್ತಿದ್ರೆ ತೂಕ ಅಷ್ಟೇ ಬತ್ತದೆ" ಎಂದ. ನೋಡು, ಮನೆಯ ಲೆಕ್ಕ ಎಲ್ಲಿಯೂ ತಪ್ಪಿಲ್ಲ.

ಆದರೂ ಮನೆ ಮನೆಯ ಹಾಗಿಲ್ಲ. ಮಲ್ಲಿಕಾಂಬ ತನ್ನ ಅಜ್ಜಿಯ ಚಾಪೆಯನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ನನಗೆ ಹಸಿವಿಗಿಂತ, ಮಂಡಿನೋವಿಗಿಂತ, ಬೇಡ ಬೇಡ ಎನ್ನಲು ಎದುರಿಗೆ ಯಾರೂ ಇಲ್ಲದಿರುವುದೇ ದೊಡ್ಡ ಸುಸ್ತಾಗಿದೆ. ಲಿಂಗಮ್ಮ ನಿನ್ನೆ ಮತ್ತೆ ಕೇಳಿದಳು, ಯಾರ್ ಬತ್ತಾರೆ ಸ್ವಾಮಿ ಎಂದು. ಅಜ್ಜಂಪುರದ ಕಡೆಯಿಂದ ಬರುವ ಗಾಡಿ ಬಂದು ನಿಂತಿತ್ತು. ಇಳಿದವರ ಮುಖವನ್ನೆಲ್ಲ ನೋಡಿದೆ. ಗಾಡಿ ಹೋದ ಮೇಲೆ ಇನ್ನೊಂದು ಸುತ್ತು ನಡೆದೆ.

ಭಾವನವರಿಗೆ ಶರಣು, ಗುರುಶಾಂತಳಿಗೆ ಆಶೀರ್ವಾದ. ನಿನ್ನ ಪಾದಕ್ಕೆ ಬಗ್ಗಿ ನಮಸ್ಕರಿಸಲು ಡಾಕ್ಟರ ಅಪ್ಪಣೆ ಇಲ್ಲ. ನೆಟ್ಟಗೆ ನಿಂತೇ ಕೈ ಮುಗಿದಿದ್ದೇನೆ, ಸ್ವೀಕರಿಸು.

ನಿನ್ನ ಮಗ, ಸದ್ಯಕ್ಕೆ ಮುಕ್ಕಾಲು,
ಓಂಕಾರಮೂರ್ತಿ

ವಿ.ಸೂ.: ಅಂಚೆ ಡಬ್ಬದ ಹತ್ತಿರ ನಿಂತು ಬರೆಯುತ್ತಿದ್ದೇನೆ. ಗುರುಶಾಂತ, ಇದನ್ನು ತಿದ್ದದೆ ಓದು. ಅವ್ವ, ಮುಳ್ಳು ಎಂಬತ್ನಾಲ್ಕಕ್ಕೆ ಬಂದಿದೆ. ಡಿಸೆಂಬರ್ ಐದನೇ ತಾರೀಖು, ಸೋಮವಾರ, ತರೀಕೆರೆಯಲ್ಲಿ ಆಪರೇಷನ್. ಉಬ್ಬಸದವನಿಗೆ ಮತ್ತಿನ ಮದ್ದು ಕೊಡುವುದು ಈಗಲೂ ಸ್ವಲ್ಪ ಕಷ್ಟವೇ ಎಂದಿದ್ದಾರೆ. ನನಗೆ ಹೆದರಿಕೆ ಆಗುತ್ತಿದೆ. ವಿಶಾಲಾಕ್ಷಿ ನನ್ನ ಜೊತೆ ಬರುತ್ತಾಳೆ, ಮನೆಯಲ್ಲಿ ಮಲ್ಲಿಕಾಂಬ ಒಬ್ಬಳೇ. ನೀನು ಬಾ. ಊರಿಗೆ ಹೋದವನೆಂದು ಆ ದಿನ ನನ್ನ ಪಾವು ಬಿಡಬೇಡ. ಉಣ್ಣಲು ದೊಡ್ಡಬೀರಪ್ಪ ಬರುತ್ತಾನೆ, ನೀನು ಮಾತ್ರ ಮುಟ್ಟಕೂಡದು. ಇಷ್ಟು ದಿನ ವಿಶಾಲಾಕ್ಷಿ ಆ ಪಾವನ್ನು ಹೆಸರಿಲ್ಲದೆ ಪಾತ್ರೆಗೆ ಸುರಿಯುತ್ತಿದ್ದಾಳೆ. ಗಂಡನ ಹೆಸರು ಅವಳು ಹೇಳುವುದಿಲ್ಲ, ಅಪ್ಪನ ಹೆಸರು ಮಗಳು ಹೇಳುವುದಿಲ್ಲ. ಸೋಮವಾರ ಬೆಳಗ್ಗೆ ಅಳೆಯುವಾಗ ಅದು ಯಾರದೆಂದು ಗಟ್ಟಿಯಾಗಿ ಹೇಳುವವರು ಆ ಮನೆಯಲ್ಲಿ ಬೇಕು.